ಸ್ವೀಡನ್ನೋ, ಫಿನ್ಲೆಂಡೋ

ಡಯಾಲಿಸಿಸ್ ಶುರುವಾದ ಮೊದಲ ತಿಂಗಳು ಅನಂತರಾಮು ಆ ಕೋಣೆಯಲ್ಲಿ ಯಾರ ಜೊತೆಗೂ ಬಾಯಿಬಿಟ್ಟು ಮಾತಾಡಲಿಲ್ಲ. ತಿಲಕ್ ನಗರದ ಔಷಧಿ ಅಂಗಡಿಯೊಂದರ ಮೇಲಿನ ಮಹಡಿ ಅದು. ಉದ್ದನೆಯ ಕೋಣೆ, ಎರಡು ಬದಿಗೂ ಮಂಚಗಳು, ಪ್ರತಿ ಮಂಚದ ತಲೆಯ ಬಳಿ ಒಂದು ಮಷೀನು. ವಾರಕ್ಕೆ ಮೂರು ಸಲ ಮಧ್ಯಾಹ್ನದ ಊಟ ಮುಗಿಸಿ ಜಯನಗರ ನಾಲ್ಕನೇ ಬ್ಲಾಕಿನ ಮನೆಯಿಂದ ಹೆಂಡತಿ ಅಲಮೇಲುವಿನೊಂದಿಗೆ ಆಟೋದಲ್ಲಿ ಬರಬೇಕು, ತೂಕದ ಮಷೀನಿನ ಮೇಲೆ ನಿಲ್ಲಬೇಕು, ಕೈಯನ್ನು ದಪ್ಪ ಸೂಜಿಗಳಿಗೆ ಒಪ್ಪಿಸಿ ನಾಲ್ಕು ಗಂಟೆ ಅಲ್ಲಾಡದೆ ಮಲಗಬೇಕು. ಎಡಗೈಯ ರಕ್ತನಾಳ ಸರಿಯಿಲ್ಲವೆಂದು ಸೂಜಿ ಚುಚ್ಚಲು ಅನುವಾಗುವಂತೆ ಬಲಗೈಗೇ ಆಪರೇಷನ್ ಮಾಡಿದ್ದರು. ವಿಮಾ ಕಂಪನಿಯಲ್ಲಿ ಮೂರು ದಶಕ ಸಹಿ ಹಾಕಿದ ಕೈ ಈಗ ದಿಂಬಿನ ಮೇಲೆ ಅಂಗಾತ ಬಿದ್ದಿರುತ್ತಿತ್ತು. ತನ್ನದೇ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಸುತ್ತಿ ಬರುವುದನ್ನು ನೋಡಲಾಗದೆ ಅವರು ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು.

ಇನ್ನೊಂದು ಕಡೆಯ ಮಂಚದಲ್ಲಿ ರಘು ಇರುತ್ತಿದ್ದ. ಮೂವತ್ತು ದಾಟಿದ ಹುಡುಗ, ಅಂಜನಾಪುರದವನು. ಅಪ್ಪ ಚಿಕ್ಕಬೈರಪ್ಪ ಒಂದು ಕಾಲಕ್ಕೆ ರಾಗಿ, ಅವರೆ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟಾಗಿ, ಉಳಿದ ಜಾಗದಲ್ಲಿ ರಘು ತಾರಸಿ ಹಾಕಲು ಬೇಕಾಗುವ ಸೆಂಟ್ರಿಂಗ್ ಶೀಟು, ಜಾಕಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಯಾವಾಗಲೋ ಶುರುವಾಗಿದ್ದ ಬಿಪಿ ಯಾರ ಗಮನಕ್ಕೂ ಬಾರದೆ ಎರಡೂ ಕಿಡ್ನಿಯನ್ನು ತಿಂದುಹಾಕಿತ್ತು. ಅವನ ಸೂಜಿ ಎಡಗೈಗೆ. ಬಲಗೈ ಬಿಡುವಾಗಿರುತ್ತಿದ್ದರಿಂದ ಹೊಟ್ಟೆಯ ಮೇಲೆ ಟ್ಯಾಬ್ ನಿಲ್ಲಿಸಿಕೊಂಡು ಏನೋ ಆಡುತ್ತಿದ್ದ.

ಒಂದು ದಿನ ಅವನು ಟ್ಯಾಬನ್ನು ಅನಂತರಾಮು ಕಡೆಗೆ ತಿರುಗಿಸಿದ.

"ಅಂಕಲ್, ಒಂದ್ಸಲ ಈ ಕಡೆ ನೋಡಿ. ಇದು ಸ್ವೀಡನ್ನೋ, ಫಿನ್ಲೆಂಡೋ?"

ಬೂದು ಆಕಾಶ. ಎರಡು ಕಡೆಯೂ ಕಪ್ಪುಹಸಿರು ಕಾಡು. ನಡುವೆ ಒದ್ದೆಯಾದ ಟಾರು ರಸ್ತೆ. ಒಂದು ನರಪಿಳ್ಳೆಯೂ ಇಲ್ಲ.

"ನನಗೇನು ಗೊತ್ತಪ್ಪ?"

"ನಂಗೂ ಗೊತ್ತಿಲ್ಲ. ಗೊತ್ತಿಲ್ದೋರು ಇಬ್ರು ಸೇರಿದ್ರೆ ಏನಾದ್ರೂ ಒಂದು ಹೊಳೆಯುತ್ತೆ ಅಂತ ಕೇಳ್ದೆ."

ಆಟ ಸರಳವಾಗಿತ್ತು. ಪ್ರಪಂಚದ ಯಾವುದೋ ರಸ್ತೆಯ ಮೇಲೆ ತಂದು ಬಿಡುತ್ತದೆ. ಸುತ್ತ ತಿರುಗಿ ನೋಡಬಹುದು, ನಾಲ್ಕು ಹೆಜ್ಜೆ ಮುಂದೆ ಹೋಗಬಹುದು. ಯಾವ ದೇಶ, ಯಾವ ಜಾಗವೆಂದು ಊಹಿಸಿ ನಕ್ಷೆಯ ಮೇಲೆ ಗುರುತು ಹಾಕಬೇಕು. ಹತ್ತಿರ ಹಾಕಿದಷ್ಟೂ ಅಂಕ ಹೆಚ್ಚು. ಬ್ರೆಜಿಲ್ಲು, ಜಪಾನು, ಕೀನ್ಯಾ ಬಂದರೆ ರಘು ಕಣ್ಣುಮುಚ್ಚಿ ಹೇಳುತ್ತಿದ್ದ. ಸ್ವೀಡನ್, ಫಿನ್ಲೆಂಡ್, ನಾರ್ವೆ, ಉತ್ತರದ ಆ ಮೂರು ದೇಶಗಳಲ್ಲಿ ಮಾತ್ರ ಪ್ರತಿಸಲ ಮುಗ್ಗರಿಸುತ್ತಿದ್ದ. ಅದೇ ಕಾಡು, ಅದೇ ಕೆರೆ, ಬಿಳಿ ಚೌಕಟ್ಟಿನ ಅದೇ ಕೆಂಪು ಮರದ ಮನೆ.

ಅನಂತರಾಮುಗೆ ಮೊದಲು ಹುಡುಗಾಟವೆನಿಸಿತು. ಆದರೆ ನಾಲ್ಕು ಗಂಟೆ ಎನ್ನುವುದು ಬಲು ದೊಡ್ಡ ಹೊತ್ತು. ಮುಂದಿನ ಸಲ ಅವರೇ ಕನ್ನಡಕ ಹಾಕಿಕೊಂಡು ಎಡಕ್ಕೆ ಹೊರಳಿ ಮಲಗಿದರು. ಡಯಾಲಿಸಿಸ್ ನೋಡಿಕೊಳ್ಳುವ ಮಧುಮತಿ ಎರಡು ಮಂಚಗಳ ನಡುವೆ ಊಟದ ತಳ್ಳುಮೇಜನ್ನು ಎಳೆದು, ಟ್ಯಾಬನ್ನು ಅದರ ಮೇಲೆ ನಿಲ್ಲಿಸಿಕೊಟ್ಟಳು. ಇವರ ಬಿಡುವಿನ ಎಡಗೈ, ಅವನ ಬಿಡುವಿನ ಬಲಗೈ ಎರಡೂ ಅದಕ್ಕೆ ಎಟುಕುತ್ತಿದ್ದವು.

ಕಲಿಯುತ್ತಾ ಹೋದರು. ನಡುರಸ್ತೆಯ ಗೆರೆ ಹಳದಿಯಿದ್ದರೆ ನಾರ್ವೆ ಇರಬಹುದು. ಆದರೆ ಮುಂದಿನ ಗಾಡಿಯನ್ನು ದಾಟಬಾರದ ಕಡೆ ಫಿನ್ಲೆಂಡಿನಲ್ಲೂ ಹಳದಿ ಗೆರೆ ಎಳೆಯುತ್ತಾರೆ, ಅದಕ್ಕೇ ಮೋಸಹೋಗಬಾರದು. ಎಚ್ಚರಿಕೆಯ ಬೋರ್ಡಿನ ಹಿನ್ನೆಲೆ ಬಿಳಿಯಿದ್ದರೆ ನಾರ್ವೆ, ಹಳದಿಯಿದ್ದರೆ ಉಳಿದೆರಡು. ಓ ಅಕ್ಷರವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಂತಿದ್ದರೆ ಸ್ವೀಡನ್ ಅಲ್ಲವೇ ಅಲ್ಲ. ಊರ ಹೆಸರಿನಲ್ಲಿ ಒಂದೇ ಅಕ್ಷರ ಪಕ್ಕಪಕ್ಕದಲ್ಲೇ ಎರಡೆರಡು ಸಲ ಬಂದರೆ ಫಿನ್ಲೆಂಡ್.

"ಇವ್ರು ನಮ್ ಥರಾನೇ ಅಂಕಲ್. ಒತ್ತಕ್ಷರ ಇಲ್ದೆ ಇವ್ರಿಗೂ ಊಟ ಸೇರಲ್ಲ" ಎಂದು ರಘು ನಗುತ್ತಿದ್ದ.

ಜಗಳವೂ ಆಗುತ್ತಿತ್ತು. ಒಮ್ಮೆ ಸಮುದ್ರದಂಡೆಯ ಊರೊಂದರ ಬೋರ್ಡಿನಲ್ಲಿ ಸ್ವೀಡನ್ನಿನ ಭಾಷೆ ಕಾಣಿಸಿತು. ಸ್ವೀಡನ್ನೇ ಎಂದು ಅನಂತರಾಮು ಹಟ ಹಿಡಿದರು. ಅಲ್ಲ, ಫಿನ್ಲೆಂಡಿನ ಆ ದಂಡೆಯಲ್ಲೂ ಆ ಭಾಷೆ ಆಡುವವರಿದ್ದಾರೆ ಎಂದು ರಘು ಹೇಳುತ್ತಿರುವಾಗಲೇ ಗುರುತು ಒತ್ತಿಬಿಟ್ಟರು. ತಪ್ಪಾಯಿತು. "ನೀವು ಆಫೀಸಲ್ಲೂ ಹಿಂಗೇನಾ? ಯಾರ ಮಾತೂ ಕೇಳ್ತಿರಲಿಲ್ವಾ?" ಎಂದು ಮುಖ ಊದಿಸಿಕೊಂಡ. ಆಫೀಸಿನಲ್ಲಿ ಅವರನ್ನು ಹಾಗೆ ಕೇಳಿದವರೇ ಇರಲಿಲ್ಲ. ಮನೆಗೆ ಹೋಗುವಾಗ ಆಟೋದಲ್ಲಿ ಅದನ್ನು ಅಲಮೇಲುಗೆ ಹೇಳಿ ನಕ್ಕರು. ಕಾಯಿಲೆ ಗೊತ್ತಾದ ಮೇಲೆ ಗಂಡ ನಕ್ಕಿದ್ದನ್ನು ಅವರು ನೋಡಿದ್ದು ಅವತ್ತೇ ಮೊದಲು.

ಬಾಯಾರಿಕೆ ಮಾತ್ರ ಆಟದ ನಡುವೆಯೂ ಇಬ್ಬರನ್ನೂ ಬಿಡುತ್ತಿರಲಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳೆದುಕೊಟ್ಟಿದ್ದರು. ಬೇಸಿಗೆಯಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಫಿನ್ಲೆಂಡಿನ ರಸ್ತೆಗಳಲ್ಲಿ ಸ್ವಲ್ಪ ಮುಂದೆ ಹೋದರೆ ಸಾಕು, ಮರಗಳ ಸಂದಿನಿಂದ ಕೆರೆ ಕಾಣಿಸುತ್ತಿತ್ತು; ಇನ್ನೂ ಮುಂದೆ ಹೋದರೆ ಮತ್ತೊಂದು. ಉತ್ತರ ಗೊತ್ತಾದ ಮೇಲೂ ರಘು ಗುರುತು ಹಾಕದೆ ಆ ನೀರನ್ನೇ ನೋಡುತ್ತಿರುತ್ತಿದ್ದ.

"ಬಗ್ಗಿ ಮುಖ ಅದ್ದಿ ಕುಡಿದುಬಿಡ್ಬೇಕು ಅನ್ಸುತ್ತೆ ಅಂಕಲ್. ಆಮೇಲೆ ಏನಾದ್ರೂ ಆಗ್ಲಿ."

"ಗುರುತು ಹಾಕು, ಟೈಮಾಗುತ್ತೆ" ಎನ್ನುತ್ತಿದ್ದರು ಅನಂತರಾಮು, ಒಣಗಿದ ತುಟಿಯನ್ನು ಒರೆಸಿಕೊಂಡು.

ದೀಪಾವಳಿಯ ಹೊತ್ತಿಗೆ ರಘು ಸುದ್ದಿ ತಂದ. ಅವನ ಅಮ್ಮ ಅಕ್ಕಯಮ್ಮನ ಕಿಡ್ನಿ ಅವನಿಗೆ ಹೊಂದುತ್ತದೆ. ಪರೀಕ್ಷೆಗಳೆಲ್ಲ ಮುಗಿದಿವೆ, ಆಪರೇಷನ್ನಿಗೆ ದಿನವೂ ಗೊತ್ತಾಗಿದೆ.

"ಒಳ್ಳೇದಾಯ್ತು ಕಣೋ" ಎಂದರು ಅನಂತರಾಮು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದರು. ಅವರಿಗೆ ಆ ದಾರಿ ಇರಲಿಲ್ಲ. ಹೃದಯ ಅಂಥ ಆಪರೇಷನ್ನನ್ನು ತಡೆಯುವುದಿಲ್ಲವೆಂದು ಡಾಕ್ಟರು ಶುರುವಿನಲ್ಲೇ ಹೇಳಿಬಿಟ್ಟಿದ್ದರು.

ಹೊರಗಿನ ಬೆಂಚಿನಲ್ಲಿ ಅಲಮೇಲು ಪಕ್ಕ ಕೂರುತ್ತಿದ್ದ ಅಕ್ಕಯಮ್ಮ ಅವತ್ತು ಒಳಗೆ ಬಂದು, "ನಾಕು ಮಕ್ಳು ಹೆತ್ತಿವ್ನಿ, ಒಂದು ಕಿಡ್ನಿ ಕೊಡೋದೇನು ಮಹಾ ಸಾರ್" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕೊನೆಯ ದಿನ ರಘು ಅನಂತರಾಮುವಿನ ಫೋನಿಗೆ ಆಟವನ್ನು ಹಾಕಿಕೊಟ್ಟ. ತನ್ನ ಹೆಸರನ್ನೂ ಅದರಲ್ಲಿ ಸೇರಿಸಿದ. "ಮನೆಯಿಂದಾನೇ ಆಡೋಣ ಅಂಕಲ್. ನಾನೆಲ್ಲಿ ಹೋಗ್ತೀನಿ?" ಎಂದ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ಒಂದಷ್ಟು ದಿನ ಅವನು ನಿಜವಾಗಿಯೂ ಆಡಿದ. ಅನಂತರಾಮು ಮಂಚದ ಮೇಲಿಂದ, ಅವನು ಅಂಜನಾಪುರದ ಮನೆಯಿಂದ. ಆಮೇಲೆ ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಸಂಕ್ರಾಂತಿ ಕಳೆದ ಮೇಲೆ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಹೊತ್ತಿಕೊಳ್ಳುವುದೇ ನಿಂತಿತು. ಪಕ್ಕದ ಮಂಚಕ್ಕೆ ಭೀಮರಾಯ ಎಂಬುವವರು ಬಂದರು. ಸೂಜಿ ಚುಚ್ಚಿದೊಡನೆ ಕಂಬಳಿಯನ್ನು ತಲೆಯವರೆಗೂ ಎಳೆದುಕೊಳ್ಳುತ್ತಿದ್ದರು. ಬಿಚ್ಚಿದ ಮೇಲೇ ಮುಖ ತೋರಿಸುವುದು.

ಅನಂತರಾಮು ಒಬ್ಬರೇ ಆಡಿದರು. ಗೆದ್ದಾಗ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಒಂದು ದಿನ ತಡೆಯಲಾರದೆ ಫೋನ್ ಮಾಡಿದರು.

"ಹೇಗಿದೀಯೋ? ಆಟದ ಕಡೆ ತಲೇನೇ ಹಾಕ್ತಿಲ್ಲ?"

ರಘುವಿನ ಹಿಂದೆ ಯಾರೋ ಲಾರಿಗೆ ಶೀಟುಗಳನ್ನು ಎಸೆಯುವ ಸದ್ದು ಕೇಳುತ್ತಿತ್ತು.

"ತಪ್ಪು ತಿಳ್ಕೋಬೇಡಿ ಅಂಕಲ್. ಅದನ್ನ ಓಪನ್ ಮಾಡಿದ್ರೆ ಸೆಂಟರ್ ವಾಸ್ನೆ ಬಂದಂಗಾಗುತ್ತೆ. ಸ್ಪಿರಿಟ್ಟು, ಆ ಪ್ಲಾಸ್ಟರ್ರು, ಎಲ್ಲಾ. ಅದಕ್ಕೇ ಡಿಲೀಟ್ ಮಾಡ್ದೆ."

"ಹೌದು ಹೌದು. ಆಗುತ್ತೆ ಹಾಗೆ" ಎಂದು ಅನಂತರಾಮು ಫೋನಿಟ್ಟರು.

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಆ ವಾಸನೆಯಲ್ಲಿ ತಾನೂ ಸೇರಿದ್ದೇನೆ ಎಂಬುದನ್ನು ಮರೆಯಲಾಗಲಿಲ್ಲ. ಅವನು ಬಿಟ್ಟುಹೋದದ್ದರ ಪೈಕಿ ತಾನೂ ಒಬ್ಬ. ಮಂಚದ ಮೇಲೆ ಮಲಗಿದಾಗ ಅವನು ಏನು ಮಾಡುತ್ತಿರಬಹುದೆಂದು ಲೆಕ್ಕಹಾಕುತ್ತಿದ್ದರು: ಎಳನೀರು ಕುಡಿಯುತ್ತಿರಬಹುದು, ಚೊಂಬುಗಟ್ಟಲೆ ಮಜ್ಜಿಗೆ ಕುಡಿಯುತ್ತಿರಬಹುದು. ಕಂಬಳಿ ಹೊದ್ದ ಭೀಮರಾಯರನ್ನು ನೋಡಿದಾಗಲೆಲ್ಲ, ಇಲ್ಲಿ ರಘು ಇದ್ದಿದ್ದರೆ ಎಂದುಕೊಳ್ಳುತ್ತಿದ್ದರು. ಅವನು ಇಲ್ಲಿರಬೇಕಾದರೆ ಏನಾಗಬೇಕು ಎನ್ನುವುದರ ತನಕ ಆ ಯೋಚನೆಯನ್ನು ಬೆಳೆಯಲು ಬಿಡುತ್ತಿರಲಿಲ್ಲ.

ಮುಂಗಾರು ಹಿಡಿದ ಹೊತ್ತಿಗೆ ಭೀಮರಾಯರು ಮಗಳ ಮನೆಯ ಹತ್ತಿರದ ಸೆಂಟರಿಗೆ ಬದಲಾಯಿಸಿಕೊಂಡರು. ಮಂಚ ಖಾಲಿಯಾಯಿತು. ಮುಂದಿನ ವಾರ ಅನಂತರಾಮುಗೆ ಆಗಲೇ ಸೂಜಿ ಚುಚ್ಚಿ ಮಷೀನು ಓಡುತ್ತಿತ್ತು. ಬಾಗಿಲು ತಳ್ಳಿಕೊಂಡು ಮಾಸ್ಕ್ ಹಾಕಿದ ಒಬ್ಬ ಒಳಗೆ ಬಂದ. ಮುಖ ಊದಿ ದುಂಡಗಾಗಿತ್ತು, ಕಾಲುಗಳೂ ಊದಿಕೊಂಡಿದ್ದವು. ತೂಕದ ಮಷೀನಿನ ಮೇಲೆ ನಿಂತು, ಹಿಂದೆಲ್ಲ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿಕೊಂಡ ರೀತಿಯಿಂದಲೇ ಅದು ರಘುವೆಂದು ಅವರಿಗೆ ಗುರುತು ಸಿಕ್ಕಿತು.

"ಓಹೋ, ಬಾರೋ ಬಾರೋ! ಬಂದ್ಯಾ!"

ಮನೆ ಬಾಗಿಲಿಗೆ ಬಂದ ನೆಂಟನನ್ನು ಕರೆದ ಹಾಗೆ, ಎಡಗೈಯನ್ನು ಮೇಲೆತ್ತಿ, ಕೋಣೆಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ್ದರು. ಮಾತು ಬಾಯಿಂದ ಬಿದ್ದಮೇಲೆ ಅದು ಯಾವ ದನಿಯಲ್ಲಿತ್ತೆಂದು ಅವರಿಗೇ ಕೇಳಿಸಿತು. ಮಧುಮತಿಯ ಕೈ ಪ್ಲಾಸ್ಟರಿನ ಮೇಲೆ ನಿಂತಿತು. ರಘು ಒಂದು ಸಲ ಅವರನ್ನು ನೋಡಿದ. ಮಂಚ ಹತ್ತಿ, ಎಡಗೈ ಚಾಚಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಮಲಗಿದ. ನಾಲ್ಕು ಗಂಟೆಯೂ ಹಾಗೇ ಇದ್ದ.

ಅನಂತರಾಮುಗೆ ಅವತ್ತು ಬಿಪಿ ಬಿದ್ದು, ಕಾಲಿನ ಸ್ನಾಯು ಹಿಡಿದುಕೊಂಡು, ಅರ್ಧಕ್ಕೇ ಮಷೀನಿನ ವೇಗ ಇಳಿಸಬೇಕಾಯಿತು. ಮನೆಗೆ ಹೋದ ಮೇಲೆ ಊಟ ಬೇಡವೆಂದರು. ಅಲಮೇಲು ಬಲವಂತ ಮಾಡಿದ್ದಕ್ಕೆ, "ಏಳು ತಿಂಗಳಾಗಿತ್ತು ಕಣೇ ನನಗೆ ಅಷ್ಟು ಸಂತೋಷ ಆಗಿ. ಅದೂ ಯಾವುದಕ್ಕೆ ಆಯ್ತು ನೋಡು" ಎಂದರು. ಅಲಮೇಲುಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಲೂ ಇಲ್ಲ.

ಎರಡು ದಿನ ಬಿಟ್ಟು ಹೋದಾಗ ಅಕ್ಕಯಮ್ಮ ಮೆಟ್ಟಿಲ ಬಳಿ ಸಿಕ್ಕರು. ಒಂದು ಕೈಯಿಂದ ಪಕ್ಕೆಯನ್ನು ಒತ್ತಿಕೊಂಡು ನಿಂತಿದ್ದರು. ಗಾಯ ಮಾಗಿದ್ದರೂ ಮೆಟ್ಟಿಲು ಹತ್ತುವಾಗ ಎಳೆಯುತ್ತದಂತೆ. ರಘುವಿನ ಮೈ ಆ ಕಿಡ್ನಿಯನ್ನು ಒಪ್ಪಲಿಲ್ಲ. ಯುಗಾದಿ ಆದ ಮೇಲೆ ಜ್ವರ ಬಂತು, ಎರಡು ಸಲ ಆಸ್ಪತ್ರೆಯಲ್ಲಿಟ್ಟುಕೊಂಡು ಏನೇನೋ ಇಂಜೆಕ್ಷನ್ ಕೊಟ್ಟರು. ನಿಲ್ಲಲಿಲ್ಲ.

"ನಂದು ವೋಯ್ತು ಅಂತ ನಂಗೇನೂ ಇಲ್ಲ ಸಾರ್. ಇನ್ನೊಂದಿದ್ರೂ ಕಿತ್ತು ಕೊಡ್ತೀನಿ. ಅವ್ನು ನನ್ ಮುಖಾನೇ ನೋಡಕಿಲ್ಲ. ನಿನ್ ಕಿಡ್ನಿ ಕೆಡುಸ್ಬುಟ್ಟೆ ಕಣವ್ವ ಅಂದ, ಅವತ್ತಿಂದ ಮಾತಿಲ್ಲ. ಅವ್ನು ಕೆಡ್ಸಿದ್ನಾ? ನೀವೇ ಯೋಳಿ ಸಾರ್." ಕಣ್ಣೊರೆಸಿಕೊಂಡು, ದನಿ ತಗ್ಗಿಸಿ, "ನೀವಾದ್ರೂ ಮಾತಾಡ್ಸಿ. ಅವತ್ತು ನೀವು ಕೂಗಿದ್ ಕೇಳಿ ನಂಗೂ ಒಂಥರಾ ಆಯ್ತು. ಆದ್ರೂ ಅವ್ನು ಮಾತಾಡಿದ್ರೆ ನಿಮ್ ತಾವೇ" ಎಂದರು.

ಅಕ್ಕಯಮ್ಮನಿಗೂ ಆ ದನಿ ಕೇಳಿಸಿದೆ. ಅನಂತರಾಮು ಮೆಟ್ಟಿಲ ಕಂಬಿ ಹಿಡಿದುಕೊಂಡು ತಲೆಯಾಡಿಸಿದರಷ್ಟೆ.

ಒಳಗೆ ರಘು ಗೋಡೆಯ ಕಡೆಗೇ ಮಲಗಿದ್ದ. ಮಧುಮತಿ ಇಬ್ಬರ ಮಷೀನನ್ನೂ ಸರಿಮಾಡಿ ಆ ತುದಿಗೆ ಹೋದಳು. ಹೊರಗೆ ಮಳೆ ಶುರುವಾಗಿತ್ತು. ಯಾವ ಮಾತಿನಿಂದ ಶುರುಮಾಡುವುದೆಂದು ಅನಂತರಾಮು ಹುಡುಕುತ್ತಿರುವಾಗ, ಅವನೇ ಗೋಡೆಗೆ ಹೇಳುವಂತೆ ಕೇಳಿದ:

"ಖುಷಿ ಆಯ್ತಲ್ವಾ ಅಂಕಲ್, ನಾನು ವಾಪಸ್ ಬಂದಿದ್ದು?"

ಇಲ್ಲ ಎನ್ನಬಹುದಿತ್ತು. ಛೆ, ಏನು ಮಾತಾಡ್ತೀಯೋ ಎಂದು ಗದರಬಹುದಿತ್ತು. ಆ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು.

"ಆಯ್ತು ಕಣೋ" ಎಂದರು. "ನಿನ್ನ ನೋಡಿದ ಕೂಡ್ಲೇ ಆಯ್ತು. ಯಾಕೆ ಬಂದಿದೀಯಾ ಅನ್ನೋದು ಆಮೇಲೆ ತಲೆಗೆ ಹೋಯ್ತು. ನಾನೇನು ಅಂಥ ಕೆಟ್ಟೋನಲ್ಲ ಅಂದ್ಕೊಂಡಿದ್ದೆ ಇಷ್ಟು ವರ್ಷ."

ರಘುವಿನ ಬೆನ್ನು ಏರಿಳಿಯುತ್ತಿತ್ತು. ಅಳುತ್ತಿದ್ದಾನೋ, ಬರೀ ಉಸಿರಾಡುತ್ತಿದ್ದಾನೋ ಗೊತ್ತಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನು ಈ ಕಡೆಗೆ ಹೊರಳಿದ. ಊದಿದ ಮುಖದಲ್ಲಿ ಕಣ್ಣುಗಳು ಚಿಕ್ಕವಾಗಿ, ಕೆಂಪಗಿದ್ದವು.

"ನಾನು ನಿಮ್ಮ ಫೋನ್ ಎತ್ತೋದನ್ನೂ ಬಿಟ್ಟಿದ್ದೆ. ಅವತ್ತು ಮಾತಾಡಿದ ಮೇಲೂ ಎರಡು ಸಲ ಮಾಡಿದ್ರಿ, ನೋಡಿ ಸುಮ್ನಾದೆ. ಮತ್ತೆ ಇಲ್ಲಿಗೆ ಬರಲ್ಲ, ಇಲ್ಲಿಯವ್ರು ಯಾರೂ ಬೇಡ ಅಂತಾನೇ ಇದ್ದೆ."

"ಸರಿಯಾಗೇ ಇದ್ದೆ. ನಾನಾದ್ರೂ ಅದನ್ನೇ ಮಾಡ್ತಿದ್ದೆ."

"ಅಮ್ಮಂಗೆ ಏನು ಹೇಳ್ಲಿ ಅಂಕಲ್?"

"ಏನೂ ಹೇಳ್ಬೇಡ. ಪಕ್ಕದಲ್ಲಿ ಕೂತ್ಕೊಂಡು ಊಟ ಮಾಡು. ಸಾಕು."

ಇನ್ನೂ ಎರಡು ಗಂಟೆ ಬಾಕಿಯಿತ್ತು. ಅನಂತರಾಮು ತಮ್ಮ ಫೋನನ್ನು ತೆಗೆದು, ಕೇಳದೆಯೇ ಆಟ ಹಚ್ಚಿ, ಇಬ್ಬರ ನಡುವೆ ಹಿಡಿದರು. ರಘು ಬೇಡವೆನ್ನಲಿಲ್ಲ.

ಮಂಜು ಕವಿದ ರಸ್ತೆ. ಬೋರ್ಡಿಲ್ಲ, ಮನೆಯಿಲ್ಲ. ಬಿಳಿ ತೊಗಟೆಯ ತೆಳ್ಳನೆಯ ಮರಗಳು ಎರಡು ಕಡೆಯೂ ಸಾಲಾಗಿ ನಿಂತಿದ್ದವು. ರಘು ಬೆರಳಿನಿಂದ ಮುಂದೆ ಮುಂದೆ ಹೋದ. ಅದೇ ಮರ, ಅದೇ ಮಂಜು.

"ಮರೆತೇ ಹೋಗಿದೆ. ಎಲ್ಲಾ ಒಂದೇ ಥರ ಕಾಣುತ್ತೆ."

ರಸ್ತೆಯ ಅಂಚಿನ ಬಿಳಿ ಗೆರೆ ತುಂಡುತುಂಡಾಗಿತ್ತು. ಫಿನ್ಲೆಂಡಾಗಿದ್ದರೆ ಉದ್ದಕ್ಕೂ ಒಂದೇ ಗೆರೆ ಇರುತ್ತಿತ್ತು. ಒಬ್ಬರೇ ಆಡಿದ ತಿಂಗಳುಗಳಲ್ಲಿ ಅನಂತರಾಮು ತಾವಾಗಿ ಕಂಡುಕೊಂಡಿದ್ದ ಗುರುತು ಅದು. ಸ್ವೀಡನ್ ಎಂದು ಅವರಿಗೆ ಅನುಮಾನವೇ ಇರಲಿಲ್ಲ. ರಘುವಿನ ಬೆರಳು ಫಿನ್ಲೆಂಡಿನ ಮೇಲೆ ನಿಂತಿತು. ಅವರು ಸುಮ್ಮನಿದ್ದರು.

ತಪ್ಪಾಯಿತು. ನಕ್ಷೆಯ ಮೇಲೆ ಸಮುದ್ರ ದಾಟಿ ಉದ್ದನೆಯ ಗೆರೆ ಮೂಡಿತು.

ರಘು ಫೋನನ್ನಲ್ಲ, ಅವರ ಮುಖವನ್ನು ನೋಡಿದ.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಬಾಯ್ಬಿಡೋಕೇನು? ಪಾಪ, ಸೋತು ಬಂದಿದಾನೆ, ತಪ್ಪು ಅಂತ ಹೇಳಿ ನೋಯಿಸೋದು ಬೇಡ ಅಂತಲಾ?" ದನಿ ಏರಿತು. ಮಷೀನು ಕೀಕ್ ಕೀಕ್ ಎಂದು ಕೂಗಿಕೊಂಡಿತು. ಸಿಟ್ಟಿನಲ್ಲಿ ಎಡಗೈ ಮಡಿಸಿಬಿಟ್ಟಿದ್ದ. ಮಧುಮತಿ ಓಡಿಬಂದು ಕೈ ನೇರಮಾಡಿ, ಗುಂಡಿ ಒತ್ತಿ, ಇಬ್ಬರನ್ನೂ ಬೈದು ಹೋದಳು. ರಘು ಚಾವಣಿ ನೋಡುತ್ತಾ ಹೇಳಿದ: "ಅಮ್ಮ ಪಾಪ ಅಂತಾಳೆ, ಅಪ್ಪ ಪಾಪ ಅಂತಾನೆ. ಬೀದಿಯೋರೆಲ್ಲ ಪಾಪ ಅಂತಾರೆ. ನೀವೂ ಶುರುಮಾಡ್ಬೇಡಿ. ಖುಷಿಯಾಯ್ತು ಅಂದ್ರಲ್ಲ, ಅದೇ ವಾಸಿ."

ಅನಂತರಾಮು ಫೋನನ್ನು ದಿಂಬಿನ ಪಕ್ಕ ಇಟ್ಟರು. ಮತ್ತೆ ಅವರು ಆಡಲಿಲ್ಲ. ಸಮಯ ಮುಗಿದು, ಸೂಜಿ ತೆಗೆದ ಜಾಗವನ್ನು ಹತ್ತಿಯಿಂದ ಒತ್ತಿಹಿಡಿದು ಕುಳಿತಿದ್ದಾಗ ರಘು, "ಅದು ಸ್ವೀಡನ್ ಅಂತ ಏನು ನೋಡಿ ಹೇಳ್ತೀರಾ?" ಎಂದು ಕೇಳಿದ. ಅವರು ಅಂಚಿನ ಗೆರೆಯ ವಿಷಯ ಹೇಳಿದರು. ಅವನು ಚಪ್ಪಲಿ ಮೆಟ್ಟಿಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಹೋದ. ಅಕ್ಕಯಮ್ಮ ಎದ್ದು ಕೈ ಕೊಟ್ಟರು. ಅವನು ಆ ಕೈ ಹಿಡಿಯಲಿಲ್ಲ. ಆದರೆ ಬಿಟ್ಟು ಮುಂದೆಯೂ ಹೋಗಲಿಲ್ಲ. ಪಕ್ಕೆ ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುವ ಅಮ್ಮನಿಗಾಗಿ ಪ್ರತಿ ಮೆಟ್ಟಿಲಲ್ಲೂ ನಿಂತು ನಿಂತು ಇಳಿದ.

ಆಟೋದಲ್ಲಿ ಎರಡು ಕಡೆಯಿಂದಲೂ ಇರಚಲು ಹೊಡೆಯುತ್ತಿತ್ತು. ಅಲಮೇಲು ಗಂಡನ ಕೈಯ ಪ್ಲಾಸ್ಟರ್ ನೆನೆಯದಂತೆ ಸೆರಗು ಮುಚ್ಚಿ ಕೇಳಿದರು:

"ಆ ಹುಡುಗ ಮಾತಾಡಿದ್ನಾ?"

"ಆಡ್ದ."

"ಏನಂದ?"

"ಬೈದ."

ಅಲಮೇಲು ಗಂಡನ ಮುಖ ನೋಡಿ, ಸೆರಗನ್ನು ಇನ್ನಷ್ಟು ಎಳೆದು ಮುಚ್ಚಿದರು. ನಾಲ್ಕನೇ ಬ್ಲಾಕಿನ ಸಿಗ್ನಲ್ಲಿನಲ್ಲಿ ಆಟೋ ಬಹಳ ಹೊತ್ತು ನಿಂತಿತ್ತು. ಅನಂತರಾಮು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು. ಮುಂದಿನ ಸಲ ಗೊತ್ತಿದ್ದದ್ದನ್ನು ಬಾಯಿಬಿಟ್ಟೇ ಹೇಳಬೇಕು ಎಂದುಕೊಂಡರು.